ಒಂಬತ್ತು ಮೈಕ್ರೋಸೆಕೆಂಡಿನ ಗೋಳು

ಪರದೆಯ ಮೇಲೆ ಎರಡಕ್ಕಿಂತ ಕಡಿಮೆ ಬರಬೇಕಿತ್ತು, ಬಂದದ್ದು ಒಂಬತ್ತು. ಹುಡುಗಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಒಂಬತ್ತೇ.

ಮೇಜಿನ ಮೇಲೆ ಎರಡು ಯಂತ್ರ, ನಡುವೆ ಒಂದು ಕೇಬಲ್ಲು, ಕೇಬಲ್ಲಿನ ಎರಡು ತುದಿಗೂ ಕಾರ್ಖಾನೆಯ ಹೊಸ ನೆಟ್‌ವರ್ಕ್ ಕಾರ್ಡು. ಒಂದು ಯಂತ್ರ 'ಇದ್ದೀಯಾ?' ಎಂದು ಕೇಳಬೇಕು, ಇನ್ನೊಂದು 'ಇದ್ದೀನಿ' ಎನ್ನಬೇಕು. ಇಷ್ಟು ಮಾತು ಎರಡು ಮೈಕ್ರೋಸೆಕೆಂಡಿನೊಳಗೆ ಮುಗಿಯಬೇಕು. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲೊಂದು ಚೂರು ಮೈಕ್ರೋಸೆಕೆಂಡು. ಏಳು ಚೂರು ಹೆಚ್ಚಾದರೆ ಯಾರ ಗಂಟೇನು ಹೋಯಿತು ಎನ್ನಬಹುದು. ಆದರೆ ಕಾರ್ಡು ಬೇಕಾಗಿದ್ದದ್ದು ಹವಾಮಾನ ಕೇಂದ್ರಕ್ಕೆ. ಅಲ್ಲಿ ಇನ್ನೂರು ಯಂತ್ರಗಳು ನಾಳೆಯ ಗಾಳಿಮಳೆಯನ್ನು ಪಾಲು ಹಂಚಿಕೊಂಡು ಲೆಕ್ಕ ಹಾಕುತ್ತವೆ. 'ನಿನ್ನ ಕಡೆ ಗಾಳಿ ಹೇಗಿದೆ' ಎಂದು ಪಕ್ಕದವರನ್ನು ಕೇಳದೆ ಯಾವುದೂ ಹೆಜ್ಜೆ ಮುಂದಿಡದು. ಕೋಟಿ ಸಲ ಕೇಳುವ ಮಾತು. ಉತ್ತರ ತಡವಾದರೆ ನಾಳೆಯ ಮಳೆ ನಾಡಿದ್ದು ಗೊತ್ತಾಗುತ್ತದೆ.

ಹುಡುಗಿಗೆ ಕಾರ್ಖಾನೆಯಲ್ಲಿ ಯಾಕಮ್ಮ ಎಂದೇ ಹೆಸರು. ಯಾರು ಏನು ಹೇಳಿದರೂ ಮೊದಲು ಯಾಕೆ ಎನ್ನುವುದು ಅವಳ ಅಭ್ಯಾಸ. ಪೆಟ್ಟಿಗೆಗೆ ಲೇಬಲ್ ಅಂಟಿಸುತ್ತಿದ್ದವಳನ್ನು ಯಜಮಾನರು ಹನ್ನೊಂದು ತಿಂಗಳ ಹಿಂದೆ ಪರೀಕ್ಷಾ ಕೊಠಡಿಗೆ ಹಾಕಿದ್ದರು. ಮೂರು ಗಂಟೆಗೆ ಹವಾಮಾನದ ಮೇಡಂ ಬಂದು ನೋಡಿ ಒಪ್ಪಿದರೆ ಕೊಠಡಿ ಅವಳಿಗೆ ಕಾಯಂ, ಇಲ್ಲದಿದ್ದರೆ ವಾಪಸ್ ಅಂಟಿನ ಡಬ್ಬಿಗೆ, ಎಂದು ಬೆಳಿಗ್ಗೆಯೇ ಹೇಳಿ ಹೋಗಿದ್ದರು.

ಕಷ್ಟವನ್ನು ಯಾರಿಗಾದರೂ ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ಯಾಕಮ್ಮ ಉಗ್ರಾಣ ನೋಡಿಕೊಳ್ಳುವ ಸೋದರಮಾವನಿಗೆ ಹೇಳಿದಳು. ಹತ್ತು ನಿಮಿಷದಲ್ಲಿ ಕೊಠಡಿ ಹೆರಿಗೆ ಮನೆಯ ಬಾಗಿಲಿನಂತೆ ತುಂಬಿಹೋಯಿತು.

ಎಲೆಕ್ಟ್ರೀಷಿಯನ್ ಕೇಬಲ್ಲನ್ನು ಹಾವಿನಂತೆ ಎತ್ತಿ ಹಿಡಿದು, ಐದು ಮೀಟರ್ ದಾರಿ ನಡೆಯಬೇಕಾದರೆ ಸುಸ್ತಾಗುವುದಿಲ್ಲವೇ ಎಂದ. ಗೇಣುದ್ದದ ಕೇಬಲ್ ಹುಡುಕಿ ತಂದ. ಅದು ತಲುಪಲೆಂದು ಎರಡು ಯಂತ್ರಗಳನ್ನೂ ಮದುಮಕ್ಕಳಂತೆ ಒತ್ತಿ ಕೂರಿಸಿದರು. ಒಂಬತ್ತು. ಗುಡಿಸುವ ಅಜ್ಜಿ, ಯಂತ್ರದ ಮೈ ಬಿಸಿಯಾಗಿದೆ, ಜ್ವರ ಬಂದವರಿಗೆ ಎಲ್ಲಿಯ ಚುರುಕು ಎಂದು ಫ್ಯಾನು ತಂದು ಮುಖಕ್ಕೆ ಹಿಡಿದಳು. ಮೇಜಿನ ಕಾಗದಗಳೆಲ್ಲ ಹಾರಿದವು. ಒಂಬತ್ತು ಮಾತ್ರ ಅಲುಗಲಿಲ್ಲ. ಲಾರಿ ಚಾಲಕ ಕಾರ್ಡನ್ನು ಕಿತ್ತು, ಉಫ್ ಎಂದು ಊದಿ, ಗಿಯರ್ ಹಾಕುವಂತೆ ಕಟಕ್ಕನೆ ಮತ್ತೆ ಕೂರಿಸಿದ. ಒಂಬತ್ತೂವರೆ ಆಯಿತು.

ಮಧ್ಯಾಹ್ನವಾಯಿತು. ಊಟಕ್ಕೆ ಹೋಗಲು ಯಾರಿಗೂ ಮನಸ್ಸಿಲ್ಲ. ಬೇಸರವಾಗಿ ಮಾವ ಮೊದಲನೆಯ ಯಂತ್ರದಲ್ಲೇ ಕ್ರಿಕೆಟ್ ಪಂದ್ಯ ಹಾಕಿಕೊಂಡು ಕುಳಿತ. ಅಂಕಿ ಐದಕ್ಕೆ ಇಳಿಯಿತು.

ನನ್ನ ಕೇಬಲ್ಲು ಈಗ ಪಳಗಿತು ನೋಡಿ ಎಂದ ಎಲೆಕ್ಟ್ರೀಷಿಯನ್. ನನ್ನ ಫ್ಯಾನಿನಿಂದ ಜ್ವರ ಇಳಿಯಿತು ಎಂದಳು ಅಜ್ಜಿ. ಮಾವನ ಬೆನ್ನು ಅಡ್ಡವಾಗಿ ಪಂದ್ಯ ಕಾಣದೆ ಚಾಲಕ ಎರಡನೆಯ ಯಂತ್ರದಲ್ಲೂ ಅದನ್ನೇ ಹಾಕಿದ. ಅಂಕಿ ಒಂದು ಪಾಯಿಂಟ್ ಎಂಟಕ್ಕೆ ಬಂತು.

ಮೂವರೂ ತಮ್ಮ ತಮ್ಮ ಔಷಧದ ಗುಣಗಾನಕ್ಕಿಳಿದಾಗ ಪಂದ್ಯದಲ್ಲಿ ವಿರಾಮ ಬಂತು. ಮಾವನೂ ಚಾಲಕನೂ ಪಂದ್ಯ ಮುಚ್ಚಿದರು. ಪರದೆಯಲ್ಲಿ ಮತ್ತೆ ಒಂಬತ್ತು.

"ಎಲ್ರೂ ಒಂದ್ನಿಮಿಷ ಆಚೆ ನಿಂತ್ಕೊಳ್ಳಿ," ಎಂದಳು ಯಾಕಮ್ಮ. ಅವಳ ದನಿ ಅಷ್ಟು ದೊಡ್ಡದಾಗಿ ಯಾರೂ ಕೇಳಿರಲಿಲ್ಲ.

ಅವಳು ಫ್ಯಾನು ಆರಿಸಿದಳು. ಹಳೆಯ ಉದ್ದ ಕೇಬಲ್ಲನ್ನೇ ಹಾಕಿದಳು. ಬಳಿಕ ಎರಡೂ ಯಂತ್ರಗಳಲ್ಲಿ ಪಂದ್ಯ ಹಚ್ಚಿದಳು. ಒಂದು ಪಾಯಿಂಟ್ ಎಂಟು. ಮುಚ್ಚಿದಳು, ಒಂಬತ್ತು. ಹಚ್ಚಿದಳು, ಇಳಿಯಿತು. ಯಂತ್ರಕ್ಕೂ ಆಟದ ಹುಚ್ಚೇ ಎಂದು ಒಂದು ಕ್ಷಣ ಅನಿಸಿತು. ಗಲ್ಲಕ್ಕೆ ಕೈ ಕೊಟ್ಟು ಕುಳಿತವಳಿಗೆ ಥಟ್ಟನೆ ಹೊಳೆಯಿತು: ಕೆಲಸವಿಲ್ಲದ ಯಂತ್ರ ಕರೆಂಟು ಉಳಿಸಲೆಂದು ಎರಡು ಮಾತಿನ ನಡುವೆ ತೂಕಡಿಸುತ್ತಿದೆ. 'ಇದ್ದೀಯಾ' ಎಂದಾಗಲೆಲ್ಲ ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಏಳು ಚೂರು ಕಳೆದುಹೋಗುತ್ತದೆ. ಪಂದ್ಯ ಓಡುತ್ತಿದ್ದರೆ ಮಲಗಲು ಬಿಡುವೇ ಇಲ್ಲ.

ಹುಡುಕಿದಾಗ ತೂಕಡಿಕೆಗೆ ಅಪ್ಪಣೆ ಕೊಡುವ ಸಾಲೊಂದು ಯಂತ್ರದ ಒಳಗಿನ ಪಟ್ಟಿಯಲ್ಲಿ ಸಿಕ್ಕಿತು. ಅದನ್ನು 'ಬೇಡ' ಎಂದು ಬದಲಿಸಿದಳು, ಎರಡೂ ಕಡೆ. ಪಂದ್ಯವಿಲ್ಲದೆಯೇ ಒಂದು ಪಾಯಿಂಟ್ ಎಂಟು ಬಂದು ಬಂಡೆಯಂತೆ ನಿಂತಿತು. ಮಾವನಿಗೆ ಮಾತ್ರ ತನ್ನಿಂದಲೇ ಆಯಿತೆಂಬ ಹೆಮ್ಮೆ ಹೋಗಲಿಲ್ಲ.

ಮೂರು ಗಂಟೆಗೆ ಹವಾಮಾನದ ಮೇಡಂ ಬಂದರು. ಒಂದು ಸಲವಲ್ಲ, ಲಕ್ಷ ಸಲ ಕೇಳಿಸಿ ನೋಡಿದರು. ಅಂಕಿ ಮಿಸುಕಲಿಲ್ಲ. ಅವರ ಹುಬ್ಬು ಸಡಿಲವಾಯಿತು. ಇನ್ನೂರು ಕಾರ್ಡಿನ ಬೇಡಿಕೆ ಪತ್ರವನ್ನು ಮೇಜಿನ ಮೇಲೆ ಹರಡಿ ಪೆನ್ನಿನ ಮುಚ್ಚಳ ತೆಗೆದರು. ಯಜಮಾನರು ಯಾಕಮ್ಮನ ಕಡೆ ತಿರುಗಿ, ಹನ್ನೊಂದು ತಿಂಗಳಲ್ಲಿ ಮೊದಲ ಬಾರಿಗೆ, ನಕ್ಕರು.

ಯಾಕಮ್ಮ ನಗಲಿಲ್ಲ. ಅವಳ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ತುಟಿ ಕಚ್ಚಿ ಹಿಡಿದಳು. ಅದು ಮೂಗಿನ ತುದಿಗೆ ಬಂದ ಸೀನಿನಂತೆ, ತಡೆದಷ್ಟೂ ಜೋರಾಯಿತು.

"ಮೇಡಂ, ನಿಮ್ಮ ಹಳೇ ಕಾರ್ಡು ಎಷ್ಟು ತೋರಿಸ್ತಿತ್ತು?"

"ಒಂಬತ್ತು. ಅದಕ್ಕೇ ಅಲ್ವಾ ಹೊಸದು ತಗೋತಿರೋದು."

"ಯಂತ್ರ ಮಲಗದ ಹಾಗೆ ಮಾಡಿ ನೋಡಿದ್ರಾ?"

ಪೆನ್ನು ಕಾಗದದಿಂದ ಒಂದಂಗುಲ ಮೇಲೆ ನಿಂತಿತು. ಯಜಮಾನರು ಕೆಮ್ಮಿದರು, ಇನ್ನೊಮ್ಮೆ ಕೆಮ್ಮಿದರು, ಮಾವ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಸನ್ನೆ ಮಾಡಿದ. ಆದರೆ ಮೇಡಂಗೂ ಹುಳ ಹೊಕ್ಕಾಗಿತ್ತು. ಹೋಲಿಸಿ ನೋಡಲೆಂದು ತಂದಿದ್ದ ಹಳೆಯ ಕಾರ್ಡು ಜೋಡಿಯನ್ನು ಚೀಲದಿಂದ ತೆಗೆದರು. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ, ಕಾರ್ಡು ಕೂರಿಸಿ, ಉಸಿರು ಹಿಡಿದು ನೋಡಿದರು.

ಒಂದು ಪಾಯಿಂಟ್ ಒಂಬತ್ತು.

"ಅಯ್ಯೋ, ಹಾಗಾದ್ರೆ ಇದೇ ಸಾಕಲ್ಲ," ಎಂದರು ಮೇಡಂ, ಬಹಳ ಸಂತೋಷದಿಂದ. ಪೆನ್ನಿಗೆ ಮುಚ್ಚಳ ಹಾಕಿದರು. ಬೇಡಿಕೆ ಪತ್ರವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಸೇರಿಸಿದರು. ಯಜಮಾನರು ಲೇಬಲ್ ವಿಭಾಗದ ಕಡೆ ಬೆರಳು ತೋರಿಸಿ ತಮ್ಮ ಕೋಣೆಗೆ ಹೋದರು.

ಮೇಡಂ ಗೇಟಿನವರೆಗೂ ಯಾಕಮ್ಮನ ಹೆಗಲ ಮೇಲೆ ಕೈಯಿಟ್ಟುಕೊಂಡೇ ನಡೆದರು. ಇಂಥ ತಲೆಯನ್ನು ಅಂಟಿನ ಡಬ್ಬಿಯ ಮುಂದೆ ಕೂರಿಸುವುದು ಅನ್ಯಾಯ ಎಂದರು. ಅವರ ಕೇಂದ್ರದಲ್ಲೂ ಹಿಂದೆ ಇಂಥ ಒಬ್ಬಳು ಇದ್ದಳಂತೆ, ಯಾವುದನ್ನೂ ಹಾಗೆಯೇ ಒಪ್ಪುತ್ತಿರಲಿಲ್ಲವಂತೆ. ಯಾಕಮ್ಮ ಧೈರ್ಯ ಮಾಡಿ, ಅವಳ ಜಾಗ ಈಗ ಖಾಲಿ ಇದೆಯೇ ಎಂದು ಕೇಳಿದಳು.

ಮೇಡಂ ಕಾರಿನ ಬಾಗಿಲು ತೆಗೆದರು.

"ಇಲ್ಲಮ್ಮ. ಅವಳ ಕಾಟ ತಡೀಲಾರ್ದೆ ಆ ಜಾಗನೇ ತೆಗೆದುಹಾಕಿದ್ವಿ."