ಮಾವನ ಕಡ್ಡಿ ಹೂವು

ನನ್ನ ಸೋದರಮಾವನಷ್ಟು ಹೂವಿನ ಹುಚ್ಚಿನವರು ಇಡೀ ಕೊಳ್ಳೇಗಾಲದಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಅವರು ಬೆಳೆದ ಹೂವನ್ನು ಯಾರಾದರೂ ಮುಡಿದುಕೊಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು! ಹೂವನ್ನು ಮುಡಿಯದೆ ಇನ್ನೇನು ಮಾಡುತ್ತಾರೆ ಎಂದು ನೀವು ಕೇಳಬಹುದು. ಊರೂ ಅದನ್ನೇ ಕೇಳುತ್ತಿತ್ತು.

ಆಗಿನ್ನೂ ನಮ್ಮೂರು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ತಮ್ಮನ ಮನೆಗೆ ಬಂದಿದ್ದಳು. ಮಾವ ರೇಷ್ಮೆ ಸೀರೆ ನೇಯುತ್ತಿದ್ದರು, ಅಮ್ಮ ಒಳಗೆ ಕೂತು ನೂಲು ಸುತ್ತಿಕೊಡುತ್ತಿದ್ದಳು. ಒಂದು ಸಲ ಯಾರೋ ದೊಡ್ಡ ಸಾಹೇಬರು ಬಂಗಲೆಯಲ್ಲಿ ಇಳಿದಿದ್ದಾಗ ಮಾವ ಅವರ ಹೆಂಡತಿಗೆ ಸೀರೆ ತೋರಿಸಲು ಹೋದರು. ಸೀರೆ ಮಾರಿದರೋ ಇಲ್ಲವೋ, ಬರುವಾಗ ಬಂಗಲೆಯ ಮಾಲಿಯ ಹತ್ತಿರ ಒಂದು ಹಿಡಿ ಬೀಜವನ್ನಂತೂ ಇಸಿದುಕೊಂಡು ಬಂದರು.

"ಮೇಜಿನ ಮ್ಯಾಲೆ ಕಡ್ಡಿ ಸಮೇತ ಹೂವ ನೀರಲ್ಲಿ ನಿಲ್ಸವ್ರೆ. ಯಾರೂ ಮುಡಿಯಕಿಲ್ಲ, ದೇವ್ರಿಗೂ ಇಡಕಿಲ್ಲ. ಬರೀ ನೋಡಕ್ಕೆ!" ಎಂದರು.

"ಅವ್ರಿಗೆ ಬ್ಯಾರೆ ಕ್ಯಾಮೆ ಇಲ್ಲ. ನಿಮಗೂ ಇಲ್ವಾ?" ಎಂದಳು ಅತ್ತೆ.

ಒಂದೇ ಒಂದು ಹಂಗಾಮು ಬದುಕಿ ಒಣಗಿಹೋಗುವ ಜೀನಿಯಾ, ಕಾಸ್ಮಾಸ್ ಗಿಡಗಳಿಗಾಗಿ ಅತ್ತೆಯ ಬದನೆ, ಮೆಣಸಿನ ಗಿಡಗಳೆಲ್ಲ ಜಾಗ ಬಿಟ್ಟವು. ಮಾವ ಗೊಂಚಲು ಕಟ್ಟುವುದಕ್ಕೂ ಸೀರೆಯ ಲೆಕ್ಕವೇ. ಒಡಲಿಗೆ ಕೆಂಪು ಜೀನಿಯಾ, ಅಂಚಿಗೆ ಬಿಳಿ ಕಾಸ್ಮಾಸ್. ಮಿಕ್ಕ ಜರಿ ಎಳೆಯಲ್ಲಿ ಬಿಗಿದು, ದೂರ ಹಿಡಿದು ನೋಡಿ, ಅಂಚು ಕೂಡಲಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟುವರು. ಅಷ್ಟು ಹೊತ್ತೂ ಸೀರೆಗೆ ಹೇಳಿಹೋಗಿದ್ದ ಗಿರಾಕಿ ಜಗಲಿಯ ಮೇಲೆ ಆಕಳಿಸುತ್ತಾ ಕೂತಿರುತ್ತಿದ್ದ.

ಮಾವನಿಗಿದ್ದ ಆಸೆ ಒಂದೇ. ತಾವು ಕೊಟ್ಟ ಗೊಂಚಲನ್ನು ಯಾರಾದರೂ ಒಬ್ಬರು ಹಾಗೇ ನೀರಿನಲ್ಲಿಟ್ಟು ನೋಡಬೇಕು. ಇದೇನು ದೊಡ್ಡ ಆಸೆಯೆ? ಆದರೆ ಈಡೇರಬೇಕಲ್ಲ! ಮುಳ್ಳೂರಿನ ನೆಂಟರ ಮನೆಯಲ್ಲಿ ಹೆಂಗಸರು ನಗುನಗುತ್ತಾ ಇಸಿದುಕೊಂಡು, ಅವರ ಕಣ್ಣೆದುರೇ ಹೂವನ್ನೆಲ್ಲ ಪಟಪಟನೆ ಮುರಿದು ಮಾಲೆ ಕಟ್ಟಿದರು, ಕಡ್ಡಿಯನ್ನು ಮೇಕೆಗೆ ಹಾಕಿದರು. ಮಾವ ಊಟ ಮಾಡದೆ ಎದ್ದು ಬಂದರು.

ಹನೂರಿನಲ್ಲಿ ಇನ್ನೂ ಘೋರ. ಕಾಸ್ಮಾಸ್ ಎಲೆ ಥೇಟು ಸಬ್ಬಸಿಗೆ ಸೊಪ್ಪಿನ ಹಾಗಿರುತ್ತದೆ. ಆ ಮನೆಯ ಅಜ್ಜಿಗೋ ಕಣ್ಣು ಮಂಜು. ಮಾವ ಜಗಲಿಯಲ್ಲಿ ಎಲೆಯಡಿಕೆ ಹಾಕಿ ಒಳಗೆ ಬರುವಷ್ಟರಲ್ಲಿ ಗೊಂಚಲು ಸಾರಿನ ಮಡಕೆ ಸೇರಿತ್ತು.

"ಸೊಪ್ಪು ಬಲ್ತೋಗದೆ ಕಣಪ್ಪ, ಹೂವ ಬಂದ್ಬುಟ್ಟದೆ. ಎಳೇದ್ರಲ್ಲೇ ಕುಯ್ಯಬಾರ್ದಾ?" ಎಂದು ಅಜ್ಜಿ ಬಡಿಸುತ್ತಾ ಬುದ್ಧಿ ಹೇಳಿದಳಂತೆ.

ಆ ಸಲ ಮಾವ ಊಟ ಮಾಡಿಕೊಂಡೇ ಬಂದರು. ಸಾರೇನೋ ಚೆನ್ನಾಗಿತ್ತು ಎಂದು ಅತ್ತೆಯ ಮುಂದೆ ಒಪ್ಪಿಕೊಂಡರು.

ಮರುವರ್ಷ ಮಾವನ ಮಗಳ ಮದುವೆ. ಗಂಡು ಮೈಸೂರು ಸೀಮೆಯ ಯಳಂದೂರಿನವನು. ಚಪ್ಪರದಲ್ಲಿ ಬೀಗರು ಕೂತಿದ್ದಾರೆ, ಧಾರೆಗೆ ಹೊತ್ತಾಗಿದೆ, ಹೆಣ್ಣಿನ ತಂದೆಯೇ ನಾಪತ್ತೆ!

"ಹಿತ್ಲಲ್ಲಿ ಹೂವ ಕುಯ್ತಾ ನಿಂತಿರ್ತರೆ, ಎಳ್ಕಂಡು ಬಾ ಓಗು," ಎಂದು ಅತ್ತೆ ಹಲ್ಲು ಕಡಿಯುತ್ತಾ ನನ್ನನ್ನು ಓಡಿಸಿದಳು.

ಮಾವ ಹಿತ್ತಲಲ್ಲಿರಲಿಲ್ಲ, ನೂಲಿನ ಕೋಣೆಯಲ್ಲಿದ್ದರು. ಶುಭಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಅಮ್ಮ ಬೆಳಗಿನಿಂದ ಅಲ್ಲೇ ಕೂತಿದ್ದಳು. ಹೊರಗೆ ಹೆಂಗಸರಿಗೆಲ್ಲ ಮಲ್ಲಿಗೆ ಹಂಚುತ್ತಿದ್ದ ಬುಟ್ಟಿ ಅವಳ ಬಾಗಿಲ ಮುಂದೆ ನಿಲ್ಲದೆ ಹೋಗಿತ್ತು. ಅಪ್ಪ ಹೋದಂದಿನಿಂದ ಯಾವ ಹೂವಿನ ಬುಟ್ಟಿಯೂ ಅವಳ ಮುಂದೆ ನಿಂತಿರಲಿಲ್ಲ. ಮಾವ ಅವಳೆದುರು ಕುಕ್ಕರುಗಾಲಲ್ಲಿ ಕೂತು ಗೊಂಚಲು ಚಾಚಿದ್ದರು.

"ಬ್ಯಾಡ ಕಣ್ಲಾ. ನಾನು ಹೂವ ಇಸ್ಕಂಡ್ರೆ ಯಾರಾರ ಏನಾರ ಅಂದಾರು," ಎಂದಳು ಅಮ್ಮ.

"ಇದು ಮುಡಿಯೋ ಹೂವಲ್ಲ ಕಣಕ್ಕ. ನೋಡಬ್ಯಾಡ ಅಂತ ಯಾವ ಶಾಸ್ತ್ರದಲ್ಲೂ ಬರ್ದಿಲ್ಲ."

ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕುಡಿಯುವ ನೀರಿನ ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡು ಗೊಂಚಲನ್ನು ಅದರಲ್ಲಿ ನಿಲ್ಲಿಸಿದಳು. ಒಂದು ಕಾಸ್ಮಾಸ್ ಪಕ್ಕಕ್ಕೆ ವಾಲಿತ್ತು, ಅದನ್ನು ಬೆರಳಲ್ಲಿ ಸರಿಮಾಡಿದಳು. ಅಮ್ಮನ ಕೈ ಹೂವಿನ ಮೇಲಿರುವುದನ್ನು ನೋಡಿ ನನಗೆ ಅಳು ಬಂದುಬಿಟ್ಟಿತು. ಹೊರಗೆ ಮಾವನ ಹೆಸರು ಹಿಡಿದು ಕೂಗುತ್ತಿದ್ದರು. ಅವರಿಬ್ಬರಿಗೂ ಅದು ಕೇಳಿಸಿದಂತಿರಲಿಲ್ಲ.

ನಾನು ಅವರನ್ನು ಕರೆಯದೆ ಚಪ್ಪರಕ್ಕೆ ಹೋಗಿ, "ಮಾವ ಎಲ್ಲೂ ಇಲ್ಲ," ಎಂದೆ.