ಸಮುದ್ರದ ನಡುವೆ ನಾನು ತೋಡಿದ ಚಿಲುಮೆ

ನಂಬೋದಿಲ್ಲವೇ? ಬಿಡಿ, ನಂಬಬೇಡಿ. ನಾಳೆ ಚಾಮರಾಜಪೇಟೆಯ ನಮ್ಮ ಪ್ರೆಸ್ಸಿಗೆ ಬಂದು ಫೋರ್‌ಮನ್ನರನ್ನೇ ಕೇಳಿ. ಅವರು ಇಲ್ಲ ಅಂದರೆ ನಾನು ಅಚ್ಚುಮೊಳೆ ಮುಟ್ಟುವುದನ್ನೇ ಬಿಡುತ್ತೇನೆ. ನಾನು ಹೋದ ಕಡೆಯೆಲ್ಲ ಇಂಥದ್ದು ಆಗುತ್ತಲೇ ಇರುತ್ತದೆ. ಸುಮ್ಮನೆ ಕೂತವರಿಗೆ ಏನೂ ಆಗುವುದಿಲ್ಲ.

೧. ಹಿಂದಿನ ಸೀಟು

ಕರಾವಳಿ ನಮ್ಮ ರಾಜ್ಯಕ್ಕೆ ಸೇರಿದ ಹೊಸತು. ಸಮುದ್ರವೂ ನಮ್ಮದೇ ಆಯಿತಲ್ಲ, ನೋಡಿಕೊಂಡು ಬರೋಣ ಎಂದು ಪ್ರೆಸ್ಸಿನವರೆಲ್ಲ ಸೇರಿ ವ್ಯಾನು ಗೊತ್ತುಮಾಡಿದೆವು. ಡ್ರೈವರ್ ಪಕ್ಕದ ಸೀಟಿನ ಮೇಲೆ ನನ್ನ ಕಣ್ಣು. ಹತ್ತಿ ಕೂತೂ ಬಿಟ್ಟಿದ್ದೆ. ಎನ್.ಆರ್. ಕಾಲೋನಿಯಿಂದ ಬಂದ ಫೋರ್‌ಮನ್, "ಹಿಂದೆ ಹೋಗಯ್ಯಾ. ಎತ್ತಿನ ಗಾಡೀಲಿ ಬೆಳೆದೋನು, ಕುಲುಕಾಟ ನಿನಗೇನೂ ಅನ್ಸಲ್ಲ" ಅಂದರು.

"ವಾಪಸ್ ಬರ್ತಾ ಇಲ್ಲೇ ಕೂತ್ಕೊಂಡು ಬರ್ತೀನಿ ಸಾರ್, ಬರೆದಿಟ್ಕೊಳ್ಳಿ."

"ನಮಗೆ ಗೊತ್ತಿಲ್ಲದ್ದು ಒಂದೇ ಒಂದು ನಿನಗೆ ಗೊತ್ತಿದೆ ಅಂತ ತೋರಿಸು, ಬಿಟ್ಕೊಡ್ತೀನಿ."

ಹಿಂದಿನ ಚಕ್ರದ ಮೇಲೆ ನಾನು, ನನ್ನ ತೊಡೆಯ ಮೇಲೆ ಇಡ್ಲಿ ಪಾತ್ರೆ. ಘಟ್ಟ ಇಳಿಯುವಷ್ಟರಲ್ಲಿ ಇಡ್ಲಿಯೆಲ್ಲ ಉಪ್ಪಿಟ್ಟಾಗಿತ್ತು. ನಾನು ಇದ್ದ ಹಾಗೇ ಇದ್ದೆ.

೨. ತಂಪು ನೀರು

ದೋಣಿಯವನು ನಮ್ಮನ್ನು ದ್ವೀಪದಲ್ಲಿ ಇಳಿಸಿ, ಸಂಜೆ ಬರುತ್ತೇನೆಂದು ಹೋದ. ಸರ್ಕಾರ ಕಾಯುವ ಜಾಗ. ಕಂಬದಂಥ ಕಲ್ಲುಗಳು, ತೆಂಗಿನ ಮರಗಳು, ಒಬ್ಬ ಕಾವಲುಗಾರ, ಏನನ್ನೂ ಮುಟ್ಟಬಾರದೆಂಬ ಬೋರ್ಡು. ಎಳನೀರಿಗೂ ಕೈಹಾಕುವ ಹಾಗಿಲ್ಲ. ಕುಡಿಯುವುದಕ್ಕೆ ನಾವು ತಂದ ಒಂದು ಕೊಡ ನೀರು, ಅಷ್ಟೇ. ಅದು ಬಿಸಿಯಾಗಬಾರದೆಂದು, ನಮ್ಮೂರ ಕೆರೆಯಂಗಳದಲ್ಲಿ ಮಾಡುವ ಹಾಗೆ, ದಡದ ಒದ್ದೆ ಮರಳಲ್ಲಿ ಅರ್ಧ ಹೂತಿಟ್ಟೆ.

"ಲೋ, ನೀರು ಮೇಲೆ ಬರಲ್ವಾ?" ಅಂದ ಬೈಂಡಿಂಗಿನವನು.

"ಯಾಕೆ ಬರುತ್ತೆ? ನಮ್ಮೂರ ಕೆರೆ ಎದ್ದು ಓಡಾಡಿದ್ದನ್ನ ನಾನಂತೂ ನೋಡಿಲ್ಲ."

ಪುಡಿಯಾದ ಇಡ್ಲಿಯನ್ನು ಚಟ್ನಿಪುಡಿಯ ಜೊತೆ ತಿಂದು ಬಂದರೆ, ನೀರು ಏರಿ ದಡವೇ ಹಿಂದಕ್ಕೆ ಸರಿದಿತ್ತು. ಕೊಡದ ತುಂಬ ಉಪ್ಪುನೀರು. ಎಲ್ಲರೂ ನನ್ನನ್ನೇ ನೋಡಿದರು. ಈಗಲೂ ಹೇಳುತ್ತೇನೆ, ಕೊಡ ಇಟ್ಟ ಜಾಗ ಸರಿಯಾಗಿಯೇ ಇತ್ತು. ಎದ್ದು ಬಂದದ್ದು ಸಮುದ್ರದ ತಪ್ಪು.

೩. ಚಿಲುಮೆ

ಬಿಸಿಲು ಏರಿತು, ನಾಲಿಗೆ ಅಂಟಿತು. ಬೈದು ಬೈದು ಫೋರ್‌ಮನ್ನರ ಗಂಟಲೇ ಕಟ್ಟಿತು. ನಾನು ತೆಂಗಿನ ಮರಗಳನ್ನು ನೋಡಿದೆ. ಅವು ಏನು ಕುಡಿದು ಬದುಕುತ್ತಿವೆ? ನಮ್ಮೂರ ಹೊಳೆ ಬೇಸಿಗೆಯಲ್ಲಿ ಒಣಗಿದಾಗ ಮರಳಲ್ಲಿ ಚಿಲುಮೆ ತೋಡಿಯೇ ನೀರು ತರುತ್ತಿದ್ದೆವು. ಬಿದ್ದಿದ್ದ ಕರಟ ಹಿಡಿದು ದ್ವೀಪದ ನಡುಮಧ್ಯೆ, ಮರಗಳ ಕೆಳಗೆ ತೋಡತೊಡಗಿದೆ.

"ಸಮುದ್ರದ ಮಧ್ಯೆ ತೋಡಿದ್ರೆ ಸಮುದ್ರಾನೇ ಬರೋದು, ದಡ್ಡ" ಅಂದರು ಫೋರ್‌ಮನ್.

ಕಾವಲುಗಾರ ಓಡಿಬಂದ. "ಎಂತ ಮಾರಾಯ್ರೆ, ಇಲ್ಲಿ ತೋಡ್ಲಿಕ್ಕಿಲ್ಲ. ಸರ್ಕಾರದ ಜಾಗ."

"ಮರಳು ನಿಮ್ಮ ಸರ್ಕಾರದ್ದು, ಇಲ್ಲೇ ಬಿಟ್ಟು ಹೋಗ್ತೀನಿ. ನೀರು ಮಳೆರಾಯಂದು" ಅಂದು ತೋಡುತ್ತಲೇ ಇದ್ದೆ. ಸೊಂಟದಾಳಕ್ಕೆ ಮರಳು ಒದ್ದೆಯಾಯಿತು. ಇನ್ನೊಂದು ಮೊಳ ತೋಡಿದೆ. ತಿಳಿಯಾಗಿ ಜಿನುಗಿತು. ಒಂದು ಕರಟ ಕುಡಿದೆ. ಮಣ್ಣಿನ ರುಚಿ, ಆದರೆ ಸಿಹಿನೀರು.

ಫೋರ್‌ಮನ್ ನಾಲ್ಕು ಕರಟ ಕುಡಿದರು. ದಿನವೂ ಆಚೆ ದಡದಿಂದ ಬಾಟಲಿಯಲ್ಲಿ ನೀರು ಹೊತ್ತು ತರುತ್ತಿದ್ದ ಕಾವಲುಗಾರ ಐದು ಕರಟ ಕುಡಿದ. ಆಮೇಲೆ ನಾನು ಗುಂಡಿ ಮುಚ್ಚಲು ಹೋದರೆ ಅಡ್ಡ ನಿಂತ. "ಮುಚ್ಚುದು ಬೇಡ. ಸರ್ಕಾರದ ಜಾಗ, ಇನ್ನು ಯಾರೂ ಮುಟ್ಟಬಾರದು."

ಸಂಜೆ ವ್ಯಾನಿನ ಹತ್ತಿರ ಬಂದೆವು. ನಾನೇನೂ ಕೇಳಲಿಲ್ಲ, ಮುಂದಿನ ಬಾಗಿಲ ಬಳಿ ನಿಂತೆ ಅಷ್ಟೇ. ಫೋರ್‌ಮನ್ ಗಂಟಲು ಸರಿಮಾಡಿಕೊಂಡು, "ಕೂತ್ಕೊಳ್ಳಪ್ಪಾ" ಅಂದರು.

ಡ್ರೈವರ್ ಪಕ್ಕದ ಸೀಟು ಕೊಟ್ಟರು. ತೊಡೆಯ ಮೇಲೆ ಇಟ್ಟುಕೊಳ್ಳಲು ಇಡ್ಲಿ ಪಾತ್ರೆಯನ್ನೂ ಕೊಟ್ಟರು.