ಗಂಟಲಿನ ಬಾದಾಮಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬಾದಾಮಿ. ಅದೂ ಯಾರೂ ತಿನ್ನದ ಬಾದಾಮಿ.

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್ ಭಾಸ್ಕರನ ಐದು ವರ್ಷದ ಮಗಳು ದಿಶಾಗೆ ಟಾನ್ಸಿಲ್ ಆಪರೇಷನ್ ಆಗಬೇಕಿತ್ತು. ಮಕ್ಕಳು ಹೆದರದಿರಲೆಂದು ಆಸ್ಪತ್ರೆಯವರು ಒಂದು ಆ್ಯಪ್ ಕೊಟ್ಟಿದ್ದರು. ಅದರಲ್ಲಿ ಒಂದು ಅಳಿಲು ತಾನೇ ಆಪರೇಷನ್ ಮಾಡಿಸಿಕೊಂಡು ಎಲ್ಲವನ್ನೂ ವಿವರಿಸುತ್ತದೆ. ಬೇಕಿದ್ದರೆ ಮನೆಯವರು ತಮ್ಮ ಭಾಷೆಯಲ್ಲಿ ಅಳಿಲಿಗೆ ದನಿ ಕೊಡಬಹುದು. ಇದನ್ನು ಓದಿ ಭಾಸ್ಕರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅವನಿಗೊಂದು ಕೊರಗಿತ್ತು. ಹೆಂಡತಿ ತಾನ್ಯಾ ಲಖನೌದವಳು, ಅವಳೊಡನೆ ಇಂಗ್ಲಿಷ್. ತನ್ನ ಸ್ವೀಡಿಷ್ ಸುಧಾರಿಸಲಿ ಎಂದು ಮಗಳೊಡನೆ ಸ್ವೀಡಿಷ್ ಶುರುಮಾಡಿದವನು ಅದರಲ್ಲೇ ಸಿಕ್ಕಿಬಿದ್ದಿದ್ದ. ಅಮ್ಮನಿಗೆ ಫೋನ್ ಮಾಡುವುದೂ ಆಫೀಸಿನಿಂದ ಬರುವ ಟ್ರ್ಯಾಮಿನಲ್ಲೇ. ಮನೆಯೊಳಗೆ ಅವನು ಕನ್ನಡ ಆಡುವುದು ನಿದ್ದೆಯಲ್ಲಿ ಮಾತ್ರ. ಮಗಳು ಒಂದೇ ಒಂದು ಸಲ ತನ್ನೊಡನೆ ಕನ್ನಡ ಆಡಬೇಕು, 'ಪಪ್ಪಾ' ಬಿಟ್ಟು 'ಅಪ್ಪಾ' ಅನ್ನಬೇಕು ಎಂದು ಅವನ ಜೀವ ಹಂಬಲಿಸುತ್ತಿತ್ತು.

ಅವಳು ಶಿಶುವಿಹಾರಕ್ಕೆ ಹೋಗಿದ್ದಾಗ ಭಾಸ್ಕರ ಆ್ಯಪ್ ತೆರೆದು ಅಳಿಲಿಗೆ ದನಿ ಕೊಡಲು ಕೂತ. ಮೇಲಿನ ಮನೆಯ ಸಿದ್ದಲಿಂಗ ಕರೆಯದೆಯೇ ಬಂದರು.

“ಅಳಿಲು ಹಿಂಗ್ ಮಾತಾಡ್ತದೇನ್ರಿ? ಆಫೀಸ್ ಮೀಟಿಂಗ್ ನಡೆಸಿದಂಗ ಐತಿ. ಸ್ವಲ್ಪ ಕೀಚಲು ದನಿ ಮಾಡ್ರಿ!”

“ಸರಿ ಸರ್. ಟಾನ್ಸಿಲ್‌ಗೆ ಕನ್ನಡದಲ್ಲಿ ಏನನ್ಲಿ? ಮಗುಗೆ ಅರ್ಥ ಆಗ್ಬೇಕಲ್ಲ.”

“ಸ್ವೀಡಿಷ್‌ನಾಗ ಅದಕ್ಕ ಗಂಟಲ ಮಾಂಡೆಲ್ ಅಂತಾರ. ಮಾಂಡೆಲ್ ಅಂದ್ರ ಬಾದಾಮಿ. ಹಂಗೇ ಹಾಕ್ರಿ, ಅಳಿಲಿಗೂ ಒಪ್ತದ. ಹನ್ನೆರಡು ವರ್ಷ ಆತ್ರಿ ನಾ ಇಲ್ಲಿ ಬಂದು!”

ಹೀಗೆ ಅಳಿಲು ಕೀಚಲು ಕನ್ನಡದಲ್ಲಿ ಹೇಳತೊಡಗಿತು: “ಹೆದರ್ಬೇಡ ಕಂದ, ನಾನಿದ್ದೀನಿ. ಗಂಟಲಲ್ಲಿ ಎರಡು ಬಾದಾಮಿ ಇದೆ, ತೆಗೆದ್ಬಿಡ್ತಾರೆ.” ದಿಶಾ ವಾರವಿಡೀ ಅದನ್ನೇ ಕೇಳಿ ಕೇಳಿ ನಕ್ಕಳು.

ಆಪರೇಷನ್ ದಿನ ತಾನ್ಯಾಗೆ ಜ್ವರ. ಭಾಸ್ಕರನೇ ಮಗಳನ್ನು ಕರೆದೊಯ್ದ. ನರ್ಸ್ ಸ್ವೀಡಿಷ್‌ನಲ್ಲಿ ಕೇಳಿದಳು, “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ, ಪುಟ್ಟಿ?”

ದಿಶಾ ಬಾಯಿ ತೆರೆದು ಬೆರಳು ತೋರಿಸಿ ಅಚ್ಚ ಕನ್ನಡದಲ್ಲಿ ಹೇಳಿದಳು, “ಗಂಟಲಲ್ಲಿ ಎರಡು ಬಾದಾಮಿ ಇದೆ!”

ಭಾಸ್ಕರನ ಕಣ್ಣು ತುಂಬಿ ಬಂತು. ಐದು ವರ್ಷ ಕಾದ ಕನ್ನಡ! ಮಗು ಏನೆಂದಳು ಎಂದು ನರ್ಸ್ ಕೇಳಿದಾಗ ಸಂಭ್ರಮದಲ್ಲಿ ಬಡಬಡಿಸಿದ, “ಮಾಂಡೆಲ್! ಎರಡು ಮಾಂಡೆಲ್!”

ನರ್ಸ್ ಮುಖ ಬಿಳಿಚಿತು. ಉಪವಾಸವಿರಬೇಕಾದ ಮಗು ಬಾದಾಮಿ ತಿಂದಿದೆ, ಅದೂ ಗಂಟಲಲ್ಲಿ ಸಿಕ್ಕಿಕೊಂಡಿದೆ! ಅರಿವಳಿಕೆಯ ಡಾಕ್ಟರು ಓಡಿ ಬಂದರು, ಆಪರೇಷನ್ ಮುಂದೂಡುವ ಮಾತಾಯಿತು.

“ಅಯ್ಯೋ, ತಿಂದಿಲ್ಲ, ಅಳಿಲು ಹೇಳಿದ್ದು!” ಎಂದ ಭಾಸ್ಕರ ತನ್ನ ಹರಕು ಸ್ವೀಡಿಷ್‌ನಲ್ಲಿ. ಡಾಕ್ಟರು ಈಗ ಮಗುವನ್ನು ಬಿಟ್ಟು ಅವನನ್ನೇ ಪರೀಕ್ಷಿಸುವಂತೆ ನೋಡಿದರು.

ಕಡೆಗೆ ದಿಶಾಳೇ ಟ್ಯಾಬಿನಲ್ಲಿ ಅಳಿಲನ್ನು ತೋರಿಸಿ ನಿರರ್ಗಳ ಸ್ವೀಡಿಷ್‌ನಲ್ಲಿ ಎಲ್ಲ ಬಿಡಿಸಿ ಹೇಳಿದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಎಚ್ಚರವಾದಾಗ ದಿಶಾ ಟ್ಯಾಬನ್ನು ಎದೆಗೊತ್ತಿಕೊಂಡು, ಒಡೆದ ದನಿಯಲ್ಲಿ ಅಳಿಲಿಗೆ ಧೈರ್ಯ ಹೇಳುತ್ತಿದ್ದಳು. “ಹೆದರ್ಬೇಡ ಕಂದ, ನಾನಿದ್ದೀನಿ.”

ಭಾಸ್ಕರನಿಗೆ ಇನ್ನು ತಡೆಯಲಾಗಲಿಲ್ಲ. ಹಾಸಿಗೆಯ ಪಕ್ಕ ಮಂಡಿಯೂರಿ ಕನ್ನಡದಲ್ಲೇ ಹೇಳಿದ, “ಕಂದ, ಅದು ನಾನೇ. ನಿನ್ನ ಅಪ್ಪ. ಆ ದನಿ ನಂದೇ ಕಣೇ!”

ದಿಶಾ ಬೆರಗಾಗಿ ನೋಡಿದಳು. ಆಮೇಲೆ ಸ್ವೀಡಿಷ್‌ನಲ್ಲಿ ಪಿಸುಗುಟ್ಟಿದಳು, “ಪಪ್ಪಾ, ನೀನೂ ಅಳಿಲಿನ ಭಾಷೆ ಕಲೀತಾ ಇದ್ದೀಯಾ?”

“ಹೂಂ ಕಂದ, ಹೂಂ!”

ಅವಳು ಅವನ ಕೆನ್ನೆ ತಟ್ಟಿದಳು. “ಪಾಪ, ನಿನಗೆ ಉಚ್ಚಾರಣೆಯೇ ಬರಲ್ಲ. ನನ್ನ ಹತ್ರ ಸ್ವೀಡಿಷ್‌ನಲ್ಲೇ ಮಾತಾಡು ಪಪ್ಪಾ.”